ಒಂದೇ ಪಟ್ಟಿಗೆ ಸರಾಸರಿ 10, ಮಧ್ಯಾಂಕ 7.5, ಬಹುಲಕ 4, ವ್ಯಾಪ್ತಿ 31. ಮಗಳಿಗೆ ಯಾವುದು ಸರಿ ಅಂತ ಹೇಳಲಿ?

ಎಂಟನೇ ಕ್ಲಾಸಿನ ಅಮ್ಮ

ನಮಸ್ಕಾರ. ಮಗಳು ಎಂಟನೇ ತರಗತಿ. ಈಗ ಅಂಕಿಅಂಶದ ಪಾಠ ನಡೆಯುತ್ತಿದೆ. ನಾನು ಓದಿದ್ದು ಕಲಾ ವಿಭಾಗದಲ್ಲಿ, ಆದರೂ ಸಂಜೆ ಅವಳ ಪಕ್ಕ ಕೂತು ಲೆಕ್ಕ ಮಾಡಿಸುವುದು ನಾನೇ. ಸೂತ್ರ ಹಾಕಿ ಉತ್ತರ ತರುವುದು ಇಬ್ಬರಿಗೂ ಬರುತ್ತೆ. ಆಮೇಲೆ ಅವಳು ಕೇಳುವ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಲೆಕ್ಕ ಹೀಗಿದೆ. ಒಂದು ಒಗಟು ಬಿಡಿಸಲು ಹತ್ತು ಮಂದಿಗೆ ಹಿಡಿದ ನಿಮಿಷಗಳು:

9, 4, 7, 12, 4, 8, 10, 4, 7, 35

ಎಲ್ಲ ಕೂಡಿಸಿ ಹತ್ತರಿಂದ ಭಾಗಿಸಿದಾಗ ಸರಾಸರಿ 10, ಸಾಲಾಗಿಟ್ಟು ನಡು ನೋಡಿದಾಗ ಮಧ್ಯಾಂಕ 7.5, ಎಲ್ಲಕ್ಕಿಂತ ಹೆಚ್ಚು ಸಲ ಬಂದ ಸಂಖ್ಯೆ ಅಂದರೆ ಬಹುಲಕ 4, ವ್ಯಾಪ್ತಿ 31 ಬಂತು. ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೂ ತಾಳೆಯಾಯ್ತು. ಆಗ ಮಗಳು, "ಅಮ್ಮಾ, ಹಾಗಾದ್ರೆ ಆ ಒಗಟಿಗೆ ಎಷ್ಟು ಹೊತ್ತು ಬೇಕು? ಹತ್ತಾ, ಏಳೂವರೆನಾ, ನಾಲ್ಕಾ?" ಅಂದಳು. ಏಳೂವರೆ ನಿಮಿಷ ಅಂತೂ ಹತ್ತರಲ್ಲಿ ಒಬ್ಬರಿಗೂ ಹಿಡಿದಿಲ್ಲ. ಪಟ್ಟಿಯಲ್ಲೇ ಇಲ್ಲದ ಸಂಖ್ಯೆ ಪಟ್ಟಿಯ ನಡು ಹೇಗಾಗುತ್ತೆ ಅನ್ನೋದು ಅವಳ ಇನ್ನೊಂದು ತಕರಾರು.

ಮೊದಲ ಮೂರನ್ನೂ ಕೇಂದ್ರೀಯ ಪ್ರವೃತ್ತಿಯ ಅಳತೆಗಳು ಅಂತ ಪುಸ್ತಕ ಹೇಳುತ್ತೆ. ಕೇಂದ್ರ ಒಂದೇ ಇರಬೇಕಲ್ವಾ? ವ್ಯಾಪ್ತಿಯನ್ನು ಯಾಕೆ ಇವುಗಳ ಜೊತೆ ಸೇರಿಸಿ ಕೇಳ್ತಾರೆ? ಪರೀಕ್ಷೆಗೆ ಬೇಕಾದಷ್ಟು ಅವಳಿಗೆ ಗೊತ್ತಿದೆ. ಅವಳ ಮನಸ್ಸಿಗೆ ಸಮಾಧಾನ ಆಗುವ ಹಾಗೆ ಹೇಳಿಕೊಡಬೇಕು. ಬಲ್ಲವರು ತಿಳಿಸಿ.

ಸೂತ್ರಧಾರ

ಮೇಡಂ, ನಿಮ್ಮ ಉತ್ತರಗಳೆಲ್ಲ ಸರಿ ಇವೆ. ಪಟ್ಟಿಯಲ್ಲಿ ಹತ್ತು ಸಂಖ್ಯೆ ಇರುವುದರಿಂದ ನಡುವೆ ಎರಡು ಸಂಖ್ಯೆ ನಿಲ್ಲುತ್ತವೆ. ಏರಿಕೆ ಕ್ರಮದಲ್ಲಿ ಐದನೆಯದು 7, ಆರನೆಯದು 8. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 7.5. ಎಣಿಕೆ ಬೆಸಸಂಖ್ಯೆ ಆಗಿದ್ದರೆ ಅದಕ್ಕೆ ಒಂದು ಕೂಡಿಸಿ ಎರಡರಿಂದ ಭಾಗಿಸಿ, ಆ ಸ್ಥಾನದಲ್ಲಿರುವುದೇ ಮಧ್ಯಾಂಕ. ವ್ಯಾಪ್ತಿ ಅಂದರೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು, ಅಷ್ಟೇ.

ಇನ್ನೊಂದು ಸುಲಭ ದಾರಿ ಇದೆ: ಬಹುಲಕ = 3 × ಮಧ್ಯಾಂಕ − 2 × ಸರಾಸರಿ. ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಬರುತ್ತೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತೆ, ಮಗಳಿಗೆ ಈಗಲೇ ಬಾಯಿಪಾಠ ಮಾಡಿಸಿ.

ಮೈಕ್ರೋಮೀಟರ್

ನಾನು ಅಳತೆ ಉಪಕರಣಗಳನ್ನು ತಪಾಸಣೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆಯುತ್ತೇವೆ, ಪ್ರತಿ ಸಲವೂ ಕೊಂಚ ಬೇರೆ ಸಂಖ್ಯೆ ಬರುತ್ತೆ, ಅಷ್ಟರಲ್ಲಿ ವರದಿಗೆ ಯಾವುದನ್ನು ಬರೆಯಬೇಕು ಅಂತ ತೀರ್ಮಾನಿಸಬೇಕು. ನನ್ನ ದಿನವೆಲ್ಲ ಇದರಲ್ಲೇ ಕಳೆಯುತ್ತೆ. ಹಾಗಾಗಿ ನಿಮ್ಮ ಮಗಳು ಕೇಳಿದ್ದನ್ನು ತಕರಾರು ಅನ್ನಬೇಡಿ ಮೇಡಂ. ಆ ಪಾಠದಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನೇ ಅವಳು ಕೇಳಿದ್ದಾಳೆ.

ಮೊದಲು ಸಂಖ್ಯೆಗಳನ್ನು ಸಾಲಾಗಿ ಬರೆದು ಅವಳ ಮುಂದಿಡಿ.

4, 4, 4, 7, 7, 8, 9, 10, 12, 35

ಸೂತ್ರ ಮುಟ್ಟುವುದು ಬೇಡ, ಸ್ವಲ್ಪ ಹೊತ್ತು ಸುಮ್ಮನೆ ನೋಡಲಿ. ಒಂಬತ್ತು ಮಂದಿ 4ರಿಂದ 12ರ ಒಳಗೆ ಗುಂಪಾಗಿದ್ದಾರೆ. ಒಬ್ಬರು ಮಾತ್ರ ದೂರ, 35ರಲ್ಲಿ. ಇದು ಕಣ್ಣಿಗೆ ಬಿದ್ದರೆ ಅರ್ಧ ಪಾಠ ಮುಗಿದ ಹಾಗೆ. ಮಕ್ಕಳು ಸಂಖ್ಯೆಗಳನ್ನು ಕೊಟ್ಟ ಕ್ರಮದಲ್ಲೇ ಕೂಡಿಸಿ, ಭಾಗಿಸಿ ಮುಂದೆ ಹೋಗಿಬಿಡುತ್ತಾರೆ. ಅವರಿಗೆ ಆ 35 ಮಿಕ್ಕವುಗಳ ಹಾಗೇ ಇನ್ನೊಂದು ಸಂಖ್ಯೆ, ಅಷ್ಟೇ.

ಈಗ ಅವಳ ಪ್ರಶ್ನೆ. "ಎಷ್ಟು ಹೊತ್ತು ಬೇಕು?" ಅನ್ನುವುದು ಒಂದೇ ಪ್ರಶ್ನೆಯ ಹಾಗೆ ಕಾಣುತ್ತೆ, ಅದರೊಳಗೆ ಕಡೇಪಕ್ಷ ನಾಲ್ಕು ಪ್ರಶ್ನೆಗಳಿವೆ.

ಹತ್ತು ಮಂದಿ ಒಬ್ಬರಾದ ಮೇಲೆ ಒಬ್ಬರು ಒಗಟು ಬಿಡಿಸಿದರೆ ಒಟ್ಟು ಎಷ್ಟು ಹೊತ್ತಾಗುತ್ತೆ? ನೂರು ನಿಮಿಷ. ಸರಾಸರಿ ಬಂದಿದ್ದು ಈ ಒಟ್ಟು ಮೊತ್ತದಿಂದ, ಆ 10 ಅನ್ನು ಹತ್ತರಿಂದ ಗುಣಿಸಿದರೆ ಮೊತ್ತ ಮರಳಿ ಸಿಗುತ್ತೆ. ಮಧ್ಯಾಂಕದಿಂದಾಗಲಿ ಬಹುಲಕದಿಂದಾಗಲಿ ಮೊತ್ತ ಸಿಗುವುದಿಲ್ಲ. ಮುಂದೆ ಒಟ್ಟು ಲೆಕ್ಕ ಬೇಕಾಗುವ ಕಡೆಯೆಲ್ಲ ಸರಾಸರಿಯೇ ಬೇಕು.

ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಅರ್ಧದಷ್ಟು ಮಂದಿ ಮುಗಿಸುವುದು ಯಾವಾಗ? ಐದನೆಯವರು 7ನೇ ನಿಮಿಷಕ್ಕೆ ಮುಗಿಸಿದರು, ಆರನೆಯವರು ಮುಗಿಸುವುದು 8ಕ್ಕೆ. ಅವೆರಡರ ನಡುವೆ ಯಾವ ಗಳಿಗೆಯಲ್ಲಿ ಎದ್ದು ನೋಡಿದರೂ ಐದು ಮಂದಿ ಮುಗಿಸಿರುತ್ತಾರೆ, ಐದು ಮಂದಿ ಇನ್ನೂ ಯೋಚಿಸುತ್ತಿರುತ್ತಾರೆ. 7.5 ಅನ್ನುವುದು ಆ ಗಡಿಯ ಗುರುತು. ಅದು ಯಾರೊಬ್ಬರ ಸಮಯವೂ ಆಗಿರಬೇಕಿಲ್ಲ. ಅವಳ ಎರಡನೇ ಪ್ರಶ್ನೆಗೂ ಉತ್ತರ ಇದೇ.

ಹತ್ತು ಮಂದಿಯಲ್ಲಿ ಯಾರೋ ಒಬ್ಬರನ್ನು ಆರಿಸಿ, ಅವರ ನಿಮಿಷವನ್ನು ಚೂರೂ ಆಚೀಚೆ ಆಗದಂತೆ ಊಹಿಸಬೇಕು ಅಂದರೆ ಏನು ಹೇಳುವುದು ಒಳ್ಳೆಯದು? 4. ಹತ್ತರಲ್ಲಿ ಮೂರು ಸಲ ಸರಿಯಾಗುತ್ತೆ, ಬೇರೆ ಯಾವ ಸಂಖ್ಯೆ ಹೇಳಿದರೂ ಅಷ್ಟು ಸಲ ಆಗುವುದಿಲ್ಲ. ಬಹುಲಕ ಹೇಳುವುದು ಇಷ್ಟನ್ನೇ. ಗಮನಿಸಿ, ಈ ಪಟ್ಟಿಯಲ್ಲಿ ಅದು ಕೇಂದ್ರದಲ್ಲೇ ಇಲ್ಲ, ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯೇ ಬಹುಲಕವಾಗಿ ಕೂತಿದೆ. ಪುಸ್ತಕ ಅದನ್ನು ಕೇಂದ್ರೀಯ ಅಳತೆ ಅಂತ ಕರೆದರೂ ಅದು ನಡುವೆಯೇ ಇರಬೇಕೆಂಬ ನಿಯಮ ಇಲ್ಲ.

ಮೊದಲನೆಯವರು ಮುಗಿಸಿದ ಮೇಲೆ ಕೊನೆಯವರಿಗಾಗಿ ಎಷ್ಟು ಹೊತ್ತು ಕಾಯಬೇಕು? 31 ನಿಮಿಷ. ಅದೇ ವ್ಯಾಪ್ತಿ.

ಮಗಳು "ಯಾವುದು ಸರಿ?" ಅಂದರೆ ನೀವು "ನಿನಗೆ ಏನು ಬೇಕಾಗಿದೆ?" ಅಂತ ಕೇಳಿ.

ಇನ್ನೊಂದು ಪ್ರಯೋಗ ಮಾಡಿಸಿ. ಆ 35 ಅನ್ನು ಅಳಿಸಿ 335 ಅಂತ ಬರೆಯಿರಿ. ಮಧ್ಯಾಂಕ ಅಲುಗುವುದಿಲ್ಲ, ಬಹುಲಕವೂ ಅಲ್ಲೇ ಇರುತ್ತೆ. ಸರಾಸರಿ 40ಕ್ಕೆ ಏರುತ್ತೆ, ಅಂದರೆ ಹತ್ತರಲ್ಲಿ ಒಂಬತ್ತು ಮಂದಿ ಸರಾಸರಿಗಿಂತ ಬಹಳ ಕೆಳಗೆ! ವ್ಯಾಪ್ತಿ 331. ಈಗ ಆ ಸಂಖ್ಯೆಯನ್ನು ಪೂರ್ತಿ ತೆಗೆದುಹಾಕಿ ಒಂಬತ್ತನ್ನೇ ಉಳಿಸಿ. ಸರಾಸರಿ ಸುಮಾರು 7.2, ಮಧ್ಯಾಂಕ 7, ಬಹುಲಕ 4, ವ್ಯಾಪ್ತಿ ಬರೀ 8. ಯಾವುದು ಎಷ್ಟು ಕದಲಿತು ಅನ್ನುವುದನ್ನು ಅವಳೇ ಪಕ್ಕಪಕ್ಕ ಬರೆದು ನೋಡಲಿ. ಸರಾಸರಿ ಪ್ರತಿಯೊಂದು ಸಂಖ್ಯೆಯ ಮಾತನ್ನೂ ಕೇಳುತ್ತೆ. ಮಧ್ಯಾಂಕಕ್ಕೆ ಬೇಕಾಗಿರುವುದು ಸಾಲಿನಲ್ಲಿ ಯಾರು ಎಷ್ಟನೆಯವರು ಅನ್ನುವುದು. ಬಹುಲಕ ಮರುಕಳಿಸಿದ್ದನ್ನಷ್ಟೇ ನೋಡುತ್ತೆ. ವ್ಯಾಪ್ತಿಗೆ ಎರಡು ತುದಿ ಬಿಟ್ಟರೆ ನಡುವಿನ ಎಂಟು ಮಂದಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸರಾಸರಿ ಯಾಕೆ ಹೀಗೆ ವಾಲುತ್ತೆ ಅಂತ ಕೇಳಿದರೆ, ಉದ್ದನೆಯ ಹಲಗೆಯ ಮೇಲೆ ಆಯಾ ಸಂಖ್ಯೆಯ ಜಾಗದಲ್ಲಿ ಒಂದೊಂದು ಸಮತೂಕದ ಕಲ್ಲು ಇಟ್ಟ ಹಾಗೆ ಊಹಿಸಿಕೊಳ್ಳಲಿ. ಹಲಗೆ ಯಾವ ಕಡೆಗೂ ವಾಲದಂತೆ ಅಡಿಯಲ್ಲಿ ಆನಿಕೆ ಕೊಡಬೇಕಾದ ಜಾಗವೇ ಸರಾಸರಿ. ನಿಮ್ಮ ಪಟ್ಟಿಯಲ್ಲಿ 10ರ ಎಡಕ್ಕಿರುವ ದೂರಗಳು 6, 6, 6, 3, 3, 2, 1, ಒಟ್ಟು 27. ಬಲಕ್ಕೆ 2 ಮತ್ತು 25, ಅದೂ 27. ದೂರದಲ್ಲಿರುವ ಒಂದೇ ಕಲ್ಲು ಈಚೆಗಿನ ಏಳು ಕಲ್ಲುಗಳನ್ನು ಹೆಚ್ಚುಕಡಿಮೆ ಒಂಟಿಯಾಗಿ ತಡೆದು ನಿಲ್ಲಿಸಿದೆ.

ಮಧ್ಯಾಂಕಕ್ಕೂ ಇಂಥದ್ದೊಂದು ಗುಣ ಇದೆ, ಶಾಲೆಯಲ್ಲಿ ಯಾಕೋ ಹೇಳುವುದಿಲ್ಲ. ಪ್ರತಿಯೊಬ್ಬರ ನಿಮಿಷಕ್ಕೂ 7.5ಕ್ಕೂ ಇರುವ ಅಂತರವನ್ನು ಧನ ಋಣ ನೋಡದೆ ಕೂಡಿಸಿ, 48 ಬರುತ್ತೆ. ಅದನ್ನೇ 10ರಿಂದ ಅಳೆದರೆ 54. ಬೇರೆ ಯಾವ ಸಂಖ್ಯೆಯಿಂದ ಅಳೆದರೂ 48ಕ್ಕಿಂತ ಕಡಿಮೆ ತರಲು ಆಗುವುದಿಲ್ಲ. ಅವಳು ಪ್ರಯತ್ನಿಸಿ ನೋಡಲಿ, ಒಂದು ಸಂಜೆಗೆ ಒಳ್ಳೆಯ ಕೆಲಸ.

ಸೂತ್ರಧಾರ್ ಸರ್, ನೀವು ಕೊಟ್ಟ ಸುಲಭದ ದಾರಿಯನ್ನು ಈ ಪಟ್ಟಿಗೆ ಹಾಕಿ ನೋಡಿ. 3 × 7.5 ಅಂದರೆ 22.5. ಅದರಿಂದ 20 ಕಳೆದರೆ 2.5. ನಿಜವಾದ ಬಹುಲಕ 4. ಅಂಕಿಅಂಶ ತಜ್ಞ ಕಾರ್ಲ್ ಪಿಯರ್ಸನ್ 1895ರ ಸುಮಾರಿಗೆ ಕೊಟ್ಟ ಆ ಸಂಬಂಧ, ಒಂದೇ ಗುಡ್ಡೆಯಾಗಿ ಕೂತು ಕೊಂಚವೇ ಒಂದು ಕಡೆಗೆ ಎಳೆದ ದೊಡ್ಡ ದತ್ತಾಂಶಗಳಲ್ಲಿ ಕಂಡುಬರುವ ಅಂದಾಜು. ಹತ್ತು ಸಂಖ್ಯೆಯ ಪಟ್ಟಿಗೆ ಅದನ್ನು ನಿಯಮದ ಹಾಗೆ ಬಳಸಲಾಗದು. ಎಂಟನೇ ತರಗತಿಯ ಮಗುವಿಗೆ ಬಾಯಿಪಾಠ ಮಾಡಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಎಣಿಸಿದರೆ ಕಣ್ಣೆದುರೇ ಸಿಗುವ ಉತ್ತರವನ್ನು ಯಾಕೆ ಊಹಿಸಬೇಕು?

ಸೂತ್ರಧಾರ

ಸರಿ ಸರ್, ಒಪ್ಪಿದೆ. ಪ್ರಶ್ನೆಯಲ್ಲೇ "ಸರಾಸರಿ ಇಷ್ಟು, ಮಧ್ಯಾಂಕ ಇಷ್ಟು, ಬಹುಲಕ ಅಂದಾಜಿಸಿ" ಅಂತ ಕೊಟ್ಟಾಗ ಮಾತ್ರ ಅದು. ಪಟ್ಟಿ ಕೈಯಲ್ಲಿದ್ದಾಗ ಬೇಡ.

ಹಳೇ ಹಾಳೆ

ಬಹುಲಕವನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ, ಅದಕ್ಕೇ ಎರಡು ಮಾತು. ಯುದ್ಧದಲ್ಲಿ ಜನರ ಜೀವ ಉಳಿಸಿದ ಅಳತೆ ಅದು. ಕ್ರಿ.ಪೂ. 428ರ ಚಳಿಗಾಲದಲ್ಲಿ ಗ್ರೀಸಿನ ಪ್ಲಟೀಯ ನಗರವನ್ನು ಶತ್ರುಗಳು ಸುತ್ತ ಗೋಡೆ ಕಟ್ಟಿ ಮುತ್ತಿಗೆ ಹಾಕಿದ್ದರು. ಒಳಗಿದ್ದವರು ಆ ಗೋಡೆ ಹತ್ತಿ ತಪ್ಪಿಸಿಕೊಳ್ಳಬೇಕಾದರೆ ಏಣಿ ಸರಿಯಾದ ಎತ್ತರಕ್ಕೇ ಇರಬೇಕು. ಗಾರೆ ಬಳಿಯದ ಭಾಗದಲ್ಲಿ ಕಾಣುತ್ತಿದ್ದ ಇಟ್ಟಿಗೆಯ ವರಸೆಗಳನ್ನು ದೂರದಿಂದಲೇ ಎಣಿಸಿದರು, ಒಬ್ಬರಲ್ಲ, ಹಲವರು. ಕೆಲವರ ಎಣಿಕೆ ತಪ್ಪಬಹುದು, ಆದರೆ ಹೆಚ್ಚು ಮಂದಿಗೆ ಬಂದ ಸಂಖ್ಯೆಯೇ ಸರಿ ಇರಬೇಕು ಅಂತ ಅದನ್ನೇ ಹಿಡಿದು ಏಣಿ ಮಾಡಿದರು. ಗ್ರೀಕ್ ಇತಿಹಾಸಕಾರ ಥೂಸಿಡಿಡೀಸ್ ಇದನ್ನು ಬರೆದಿಟ್ಟಿದ್ದಾನೆ. ಇಟ್ಟಿಗೆಯ ವರಸೆ ಪೂರ್ಣಸಂಖ್ಯೆಯಲ್ಲೇ ಇರುತ್ತೆ, ಅಲ್ಲಿ ಎಲ್ಲರ ಎಣಿಕೆಯ ಸರಾಸರಿ ತೆಗೆದು ದಶಮಾಂಶ ಬಂದರೆ ಏನು ಮಾಡುವುದು? ಬಹುಲಕವೇ ತಕ್ಕದ್ದು.

ಸರಾಸರಿ ಮತ್ತು ಮಧ್ಯಾಂಕದ ವಾದಕ್ಕೂ ಒಂದು ಹಳೆಯ ಲೆಕ್ಕ ಇದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1906ರ ಜಾನುವಾರು ಪ್ರದರ್ಶನವೊಂದರಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆಯಿತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಊಹೆ ಬರೆದ ಆ 787 ಚೀಟಿಗಳನ್ನು ತರಿಸಿಕೊಂಡು 1907ರಲ್ಲಿ ಪ್ರಕಟಿಸಿದರು. ಮಧ್ಯಾಂಕ 1,207 ಪೌಂಡ್, ನಿಜವಾದ ತೂಕ 1,198. ಒಬ್ಬ ಅವಿವೇಕಿಯ ಊಹೆ ಇಡೀ ಸರಾಸರಿಯನ್ನು ಕೆಡಿಸುತ್ತೆ ಅನ್ನುವ ಕಾರಣಕ್ಕೆ ಗಾಲ್ಟನ್ ಮಧ್ಯಾಂಕದ ಪರ. ಆಮೇಲೆ ಸರಾಸರಿಯನ್ನೂ ಲೆಕ್ಕ ಹಾಕಿದರೆ 1,197! ಮಧ್ಯಾಂಕವೇ ಯಾವಾಗಲೂ ಮೇಲು ಅಂತ ಯಾರೂ ತಿಳಿಯದಿರಲಿ ಅಂತ ಇದನ್ನು ಹೇಳಿದೆ.

ಎಂಟನೇ ಕ್ಲಾಸಿನ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಮೈಕ್ರೋಮೀಟರ್ ಸರ್, 335 ಬರೆದು ನೋಡಿದ್ದು ಅವಳಿಗೆ ಬಹಳ ಹಿಡಿಸಿತು. ಆಮೇಲೆ 3,335 ಕೂಡ ಬರೆದಳು.

ಮುಂದಿನ ಪಾಠದಲ್ಲಿ ಆವೃತ್ತಿ ಪಟ್ಟಿ ಇದೆ. ಅಲ್ಲಿ ಪ್ರತಿ ಸಂಖ್ಯೆಯನ್ನೂ ಒಂದೇ ಸಲ ಬರೆದು ಪಕ್ಕದಲ್ಲಿ ಎಷ್ಟು ಸಲ ಬಂದಿದೆ ಅಂತ ಕೊಡುತ್ತಾರೆ. ಅಲ್ಲಿ ಮತ್ತೆ ಗೊಂದಲ. ಯಾವ ಸಂಖ್ಯೆಯೂ ಮರುಕಳಿಸದಿದ್ದರೆ ಬಹುಲಕ 0 ಅಂತ ಬರೀಬೇಕಾ? ಪಟ್ಟಿಯಲ್ಲೇ 0 ಇದ್ದರೆ ಅದನ್ನು ಎಣಿಸಬೇಕಾ? ವ್ಯಾಪ್ತಿ ಬರೀ ಎರಡು ತುದಿ ನೋಡುತ್ತೆ ಅಂದಿರಿ. ಹಾಗಾದರೆ ಅದರಿಂದ ಪ್ರಯೋಜನ ಏನು ಅನ್ನೋದು ಇವತ್ತಿನ ಪ್ರಶ್ನೆ.

ಸೂತ್ರಧಾರ

ಆವೃತ್ತಿ ಪಟ್ಟಿಗೆ ನಾನು ಹೇಳುತ್ತೇನೆ. ನಿಮ್ಮದೇ ಸಂಖ್ಯೆಗಳು: 4 ಮೂರು ಸಲ, 7 ಎರಡು ಸಲ, 8, 9, 10, 12, 35 ಒಂದೊಂದು ಸಲ. ಮಕ್ಕಳು ಇಲ್ಲಿ ಎಡಗಡೆಯ ಕಂಬಸಾಲನ್ನಷ್ಟೇ ಕೂಡಿಸಿ 85 ತಂದು ಏಳರಿಂದ ಭಾಗಿಸುತ್ತಾರೆ, 12.14 ಬರುತ್ತೆ. ಮಧ್ಯಾಂಕ ಅಂತ ಆ ಏಳರ ನಡುವಿನ 9 ಬರೆಯುತ್ತಾರೆ. ಎರಡೂ ತಪ್ಪು, ಯಾಕೆಂದರೆ ಮೂರು ಮಂದಿಯ ಬದಲು ಒಬ್ಬರನ್ನೇ ಲೆಕ್ಕಕ್ಕೆ ಹಿಡಿದಂತಾಯಿತು. ಸಂಖ್ಯೆಯನ್ನು ಅದರ ಆವೃತ್ತಿಯಿಂದ ಗುಣಿಸಿ, ಎಲ್ಲ ಗುಣಲಬ್ಧಗಳನ್ನು ಕೂಡಿಸಿ, ಆವೃತ್ತಿಗಳ ಮೊತ್ತದಿಂದ ಭಾಗಿಸಬೇಕು. 12 + 14 + 8 + 9 + 10 + 12 + 35 = 100. ಭಾಗಿಸುವುದು ಹತ್ತರಿಂದ. ಮಧ್ಯಾಂಕಕ್ಕೆ ಸಂಚಿತ ಆವೃತ್ತಿ, ಅಂದರೆ ಆವೃತ್ತಿಗಳನ್ನು ಮೇಲಿನಿಂದ ಕೂಡಿಸುತ್ತಾ ಹೋದ ಮೊತ್ತ, ಬರೆಯಿರಿ: 3, 5, 6, 7 ಹೀಗೆ. ಐದನೆಯವರು 7ರ ಸಾಲಿನಲ್ಲಿ, ಆರನೆಯವರು 8ರ ಸಾಲಿನಲ್ಲಿ ಸಿಗುತ್ತಾರೆ. ಬಹುಲಕ ಕೇಳಿದಾಗ 3 ಅಂತ ಬರೆಯಬಾರದು. 3 ಆವೃತ್ತಿ, ಬಹುಲಕ 4.

ಮೈಕ್ರೋಮೀಟರ್

ಸೂತ್ರಧಾರ್ ಸರ್ ಚೆನ್ನಾಗಿ ಹೇಳಿದ್ದಾರೆ. ಉಳಿದದ್ದಕ್ಕೆ ನಾನು.

ಯಾವುದೂ ಮರುಕಳಿಸದಿದ್ದರೆ "ಬಹುಲಕ ಇಲ್ಲ" ಅಂತ ಬರೆಯಬೇಕು. 0 ಅಂತ ಬರೆದರೆ ಸೊನ್ನೆ ಎಲ್ಲಕ್ಕಿಂತ ಹೆಚ್ಚು ಸಲ ಬಂದಿದೆ ಅಂತ ಅರ್ಥವಾಗುತ್ತೆ. ಎರಡು ಸಂಖ್ಯೆಗಳು ಸಮಸಮನಾಗಿ ಹೆಚ್ಚು ಸಲ ಬಂದರೆ ಎರಡನ್ನೂ ಬರೆಯಬೇಕು, ಅವುಗಳ ಸರಾಸರಿ ತೆಗೆಯಬಾರದು. ಎರಡು ಬಹುಲಕ ಇರುವುದು ತೊಡಕೇನಲ್ಲ, ಅದೇ ಒಂದು ಸುಳಿವು. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಚಿಲುಮೆ ಇದೆ. ಅದು ಚಿಮ್ಮಿದ 272 ಸಲದ ಅವಧಿಗಳ ಪಟ್ಟಿಯೊಂದನ್ನು ಅಂಕಿಅಂಶ ಕಲಿಯುವವರೆಲ್ಲ ಬಳಸುತ್ತಾರೆ. ಸರಾಸರಿ ಸುಮಾರು 3.5 ನಿಮಿಷ. ಆದರೆ ಮೂರೂವರೆ ನಿಮಿಷ ಚಿಮ್ಮಿದ ಸಲಗಳು ತೀರಾ ವಿರಳ! ಒಂದು ಗುಂಪು ಎರಡು ನಿಮಿಷದ ಸುತ್ತ, ಇನ್ನೊಂದು ನಾಲ್ಕೂವರೆಯ ಸುತ್ತ. ಸರಾಸರಿ ಹೋಗಿ ಅವೆರಡರ ನಡುವಿನ ಖಾಲಿ ಜಾಗದಲ್ಲಿ ಕೂತಿದೆ. ಅಲ್ಲಿ ಚಿಮ್ಮುವುದರಲ್ಲೇ ಎರಡು ಬಗೆ ಇದೆ ಅಂತ ಮೊದಲು ತಿಳಿದು, ಆಮೇಲೆ ಒಂದೊಂದು ಗುಂಪಿಗೆ ಬೇರೆಬೇರೆ ಸರಾಸರಿ ತೆಗೆಯಬೇಕು.

ಸೊನ್ನೆಯ ವಿಷಯ. ಅದು ನಿಜವಾಗಿ ಅಳೆದು ಬಂದ ಸೊನ್ನೆಯಾದರೆ ಎಣಿಸಲೇಬೇಕು. ಕೂಡಿಸಿದರೆ ಮೊತ್ತ ಬದಲಾಗುವುದಿಲ್ಲ ಅಂತ ಮಕ್ಕಳು ಬಿಟ್ಟುಬಿಡುತ್ತಾರೆ, ಆದರೆ ಭಾಜಕ ಬದಲಾಗುತ್ತೆ. ನಿಮ್ಮ ಪಟ್ಟಿಗೆ ಒಂದು 0 ಸೇರಿಸಿದರೆ ಸರಾಸರಿ 100ನ್ನು 11ರಿಂದ ಭಾಗಿಸಿ 9.09, ಮಧ್ಯಾಂಕ 7, ವ್ಯಾಪ್ತಿ 35. ಇನ್ನು ಹನ್ನೊಂದನೆಯ ವ್ಯಕ್ತಿ ಒಗಟನ್ನು ಬಿಡಿಸಲು ಬಂದೇ ಇಲ್ಲ ಅಂತಾದರೆ ಅದನ್ನು 0 ಅಂತ ಬರೆಯುವುದೇ ತಪ್ಪು. ಆ ಜಾಗ ಖಾಲಿ ಇರಬೇಕು. ನಮ್ಮ ಕೆಲಸದಲ್ಲಿ ಓದಿಕೆ, ಅಂದರೆ ಉಪಕರಣ ತೋರಿಸುವ ಸಂಖ್ಯೆ, ಸಿಗದ ಕಡೆ ಒಂದು ಗೆರೆ ಎಳೆಯುತ್ತೇವೆ, ಸೊನ್ನೆ ಬರೆಯುವುದಿಲ್ಲ.

ಈಗ ವ್ಯಾಪ್ತಿ. ಇದು ನನ್ನ ಮನಸ್ಸಿಗೆ ಹತ್ತಿರವಾದದ್ದು, ಸ್ವಲ್ಪ ಉದ್ದ ಬರೆಯುತ್ತೇನೆ. ದಪ್ಪ ಅಳೆಯುವ ಉಪಕರಣವಾದ ಮೈಕ್ರೋಮೀಟರ್ ಎರಡರಿಂದ ಒಂದೇ ಲೋಹದ ಸರಳಿನ ದಪ್ಪವನ್ನು ಐದೈದು ಸಲ ಅಳೆದೆವು ಅಂತ ಇಟ್ಟುಕೊಳ್ಳಿ, ಮಿಲಿಮೀಟರಿನಲ್ಲಿ:

ಮೊದಲನೆಯದು: 12.01, 12.02, 12.02, 12.02, 12.03
ಎರಡನೆಯದು: 11.92, 11.97, 12.02, 12.07, 12.12

ಎರಡರ ಸರಾಸರಿಯೂ 12.02, ಮಧ್ಯಾಂಕವೂ 12.02. ಆ ಎರಡನ್ನೇ ನೋಡಿದವರು ಎರಡು ಉಪಕರಣವೂ ಒಂದೇ ಅನ್ನುತ್ತಾರೆ. ವ್ಯಾಪ್ತಿ ನೋಡಿ: 0.02 ಮತ್ತು 0.20. ಹತ್ತು ಪಟ್ಟು. ಎರಡನೆಯದನ್ನು ನಾನು ಅಲ್ಲೇ ಪಕ್ಕಕ್ಕಿಟ್ಟು ಬಿಚ್ಚಿ ನೋಡುತ್ತೇನೆ. ಕೇಂದ್ರ ಎಲ್ಲಿದೆ ಅನ್ನುವುದರ ಜೊತೆಗೆ ಸಂಖ್ಯೆಗಳು ಅದರ ಸುತ್ತ ಎಷ್ಟು ಚದುರಿವೆ ಅಂತಲೂ ಹೇಳದಿದ್ದರೆ ಅಳತೆ ಅರ್ಧಕ್ಕೇ ನಿಂತ ಹಾಗೆ. ಅದಕ್ಕೇ ಅದನ್ನು ಆ ಮೂರರ ಜೊತೆ ಕೇಳುವುದು.

ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ತಯಾರಿಕೆಯ ಗುಣಮಟ್ಟ ಕಾಯುವ ನಕ್ಷೆಯನ್ನು ರೂಪಿಸಿದರು. ಅದರಿಂದ ಬೆಳೆದ ಪದ್ಧತಿಯಲ್ಲಿ ಇವತ್ತಿಗೂ ನಾಲ್ಕೈದು ಓದಿಕೆಗಳ ಗುಂಪಿಗೆ ಎರಡು ಚುಕ್ಕಿ ಹಾಕುತ್ತಾರೆ, ಒಂದು ಸರಾಸರಿಗೆ, ಇನ್ನೊಂದು ವ್ಯಾಪ್ತಿಗೆ. ಗುಂಪು ಚಿಕ್ಕದಿರುವಾಗ ವ್ಯಾಪ್ತಿ ಒಳ್ಳೆಯ ಕೆಲಸ ಮಾಡುತ್ತೆ, ಕಳೆಯುವುದೊಂದು ಬಂದರೆ ಸಾಕು. ಗುಂಪು ದೊಡ್ಡದಾದಷ್ಟೂ ಅದರ ಮೇಲೆ ಭರವಸೆ ಇಡುವುದು ಕಷ್ಟ. ಹೊಸ ಸಂಖ್ಯೆ ಸೇರಿದಾಗ ವ್ಯಾಪ್ತಿ ಇದ್ದ ಹಾಗೇ ಇರಬಹುದು ಇಲ್ಲವೇ ಹಿಗ್ಗಬಹುದು, ಕುಗ್ಗುವುದಂತೂ ಇಲ್ಲ. ಹಾಗಾಗಿ ಹತ್ತು ಸಂಖ್ಯೆಯ ವ್ಯಾಪ್ತಿಯನ್ನು ಸಾವಿರ ಸಂಖ್ಯೆಯ ವ್ಯಾಪ್ತಿಗೆ ಹೋಲಿಸಬಾರದು.

ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು ಅಂದರೆ ನನಗೆ ನೆನಪಾಗುವುದು ಅಮೆರಿಕದ ಖಗೋಳವಿಜ್ಞಾನಿ ಸೈಮನ್ ನ್ಯೂಕಂಬ್. ಅವರು 1882ರಲ್ಲಿ ವಾಷಿಂಗ್ಟನ್‌ನ ಪೊಟೊಮ್ಯಾಕ್ ನದಿಯ ಒಂದು ಬದಿಯಿಂದ ಬೆಳಕನ್ನು ಕಳಿಸಿ, ಆಚೆ ಬದಿಯ ಕನ್ನಡಿಗೆ ತಾಗಿ ಮರಳಲು ಹಿಡಿಯುವ ಸಮಯವನ್ನು ಅಳೆದರು. ಹೋಗಿಬರುವ ದಾರಿ 7,442 ಮೀಟರ್. 66 ಓದಿಕೆಗಳು. ಎಲ್ಲವೂ 24,800 ನ್ಯಾನೊಸೆಕೆಂಡಿನ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಸೆಕೆಂಡ್) ಆಸುಪಾಸು ಇರುವುದರಿಂದ ಅಷ್ಟನ್ನು ಕಳೆದು ಮಿಕ್ಕಿದ್ದನ್ನು ಮಾತ್ರ ಬರೆಯುವುದು ರೂಢಿ. (ಪ್ರತಿ ಸಂಖ್ಯೆಯಿಂದಲೂ ಒಂದೇ ಮೊತ್ತ ಕಳೆದರೆ ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಅಷ್ಟೇ ಇಳಿಯುತ್ತವೆ, ವ್ಯಾಪ್ತಿ ಮಾತ್ರ ಬದಲಾಗುವುದಿಲ್ಲ. ಮಗಳಿಗೆ ಇದನ್ನೂ ಮಾಡಿ ತೋರಿಸಿ.)

ಹಾಗೆ ಬರೆದಾಗ ಸರಾಸರಿ 26.2, ಮಧ್ಯಾಂಕ 27, ಬಹುಲಕ 28. ಮೂರೂ ಹತ್ತಿರ ಹತ್ತಿರ. ವ್ಯಾಪ್ತಿ ಮಾತ್ರ 84! ಅದನ್ನು ನೋಡಿದ ಕೂಡಲೇ ಪಟ್ಟಿಯ ತುದಿಗೆ ಕಣ್ಣು ಹಾಯಬೇಕು. ಅಲ್ಲಿ −44 ಮತ್ತು −2 ಅಂತ ಎರಡು ಓದಿಕೆಗಳು ಕೂತಿವೆ, ಮಿಕ್ಕ 64 ಎಲ್ಲವೂ 16ರಿಂದ 40ರ ಒಳಗೆ. −44 ಒಂದನ್ನು ಬಿಟ್ಟರೆ ವ್ಯಾಪ್ತಿ 42, ಎರಡನ್ನೂ ಬಿಟ್ಟರೆ 24. ಸರಾಸರಿ 27.75ಕ್ಕೆ ಏರುತ್ತೆ. ಮಧ್ಯಾಂಕ 27ರಿಂದ 27.5ಕ್ಕೆ, ಅರ್ಧವಷ್ಟೇ. ದೂರದ ಓದಿಕೆಯನ್ನು ಕಂಡ ಕೂಡಲೇ ಎಸೆಯಬೇಕು ಅಂತ ನಾನು ಹೇಳುತ್ತಿಲ್ಲ. ಅದು ಯಾಕೆ ಬಂತು ಅಂತ ಮೊದಲು ಹುಡುಕಬೇಕು, ಎಸೆದರೆ ಎಸೆದದ್ದನ್ನು ಬರೆದಿಡಬೇಕು.

ಇನ್ನೂ ಒಂದು ವಿಷಯ ಇದೆ. ಇವತ್ತು ನಮಗೆ ಗೊತ್ತಿರುವ ಬೆಳಕಿನ ವೇಗದ ಪ್ರಕಾರ ಆ ಸಂಖ್ಯೆ ಸುಮಾರು 33 ಬರಬೇಕಿತ್ತು. ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಅಷ್ಟು ಚೆನ್ನಾಗಿ ಒಂದು ಕಡೆ ಸೇರಿದ್ದರೂ ಮೂರೂ ಕಡಿಮೆಯೇ. ಉಪಕರಣ ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತಿದ್ದರೆ ಎಷ್ಟು ಓದಿಕೆ ತೆಗೆದು ಸರಾಸರಿ ಹಾಕಿದರೂ ಆ ವಾಲು ಹೋಗುವುದಿಲ್ಲ. ನಾನು ಮಾಡುವ ಕೆಲಸ ಇರುವುದೇ ಆ ಕಾರಣಕ್ಕೆ.

ಹಳೇ ಹಾಳೆ

ಮೇಡಂ, ಮಗಳು ಇದನ್ನೂ ಒಮ್ಮೆ ಕೇಳುತ್ತಾಳೆ, ಮೊದಲೇ ಹೇಳಿಬಿಡುತ್ತೇನೆ. ಈ ಗುಂಪಿನ ಹತ್ತು ಮಂದಿಯ ಸರಾಸರಿ 10, ಇನ್ನೊಂದು ಗುಂಪಿನ ಮೂವತ್ತು ಮಂದಿಯ ಸರಾಸರಿ 6 ಅಂತಾದರೆ ಎರಡೂ ಸೇರಿ 8 ಆಗುವುದಿಲ್ಲ. ಮೊತ್ತ 100 + 180, ಮಂದಿ 40, ಸರಾಸರಿ 7. ಎರಡು ಗುಂಪಿನ ಮಧ್ಯಾಂಕ ಕೊಟ್ಟು ಒಟ್ಟು ಮಧ್ಯಾಂಕ ಕೇಳಿದರೆ ಉತ್ತರ ಹೇಳಲು ಬರುವುದೇ ಇಲ್ಲ, ಮೂಲ ಪಟ್ಟಿ ಬೇಕು.

ಮೈಕ್ರೋಮೀಟರ್

ಮಗಳಿಗೆ ನನ್ನಿಂದ ಒಂದು ಲೆಕ್ಕ, ತಿರುಗಿಸಿದ ಲೆಕ್ಕ. ಐದು ಪೂರ್ಣಸಂಖ್ಯೆಗಳಿವೆ. ಸರಾಸರಿ 6, ಮಧ್ಯಾಂಕ 5, ಬಹುಲಕ 4. ಆ ಸಂಖ್ಯೆಗಳು ಯಾವುವು?

ಎಂಟನೇ ಕ್ಲಾಸಿನ ಅಮ್ಮ

ಸರ್, ಊಟದ ಹೊತ್ತು ಮೀರಿದರೂ ಬಿಡಲಿಲ್ಲ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಸಾಲಾಗಿಟ್ಟರೆ ಮೂರನೆಯದು 5. ಬಹುಲಕ 4 ಆದ್ದರಿಂದ 4 ಕಡೇಪಕ್ಷ ಎರಡು ಸಲ ಬರಬೇಕು, ಅವು 5ರ ಹಿಂದೆಯೇ ಬರಬೇಕು, ಹಿಂದೆ ಇರುವುದೇ ಎರಡು ಜಾಗ. ಹಾಗಾಗಿ 4, 4, 5. ಮೊತ್ತ 30 ಆಗಬೇಕು, ಉಳಿದ ಎರಡು ಸೇರಿ 17. ಇನ್ನೊಂದು 5 ಬಂದರೆ ಬಹುಲಕ ಎರಡಾಗಿಬಿಡುತ್ತೆ, ಅದಕ್ಕೆ 6 ಮತ್ತು 11, 7 ಮತ್ತು 10, 8 ಮತ್ತು 9, ಮೂರು ಉತ್ತರ ಬರುತ್ತವೆ. "ಅಂಕಲ್ ಒಂದು ಅಳತೆ ಕೊಟ್ಟಿಲ್ಲ, ವ್ಯಾಪ್ತಿ ಎಷ್ಟು ಅಂತ ಕೇಳಮ್ಮ" ಅಂದಳು.

ಮೈಕ್ರೋಮೀಟರ್

ವ್ಯಾಪ್ತಿ 7. ಆಗ 4, 4, 5, 6, 11 ಒಂದೇ ಉಳಿಯುತ್ತೆ. ಬಹಳ ಸಂತೋಷ ಆಯ್ತು ಮೇಡಂ, ಅವಳಿಗೆ ಹೇಳಿ.

ಮುಂದಿನದು ಅದೇ ಪಟ್ಟಿಯ ಮೇಲೆ. ಆ ಐದಕ್ಕೆ ಆರನೆಯ ಸಂಖ್ಯೆಯೊಂದನ್ನು ಸೇರಿಸಬೇಕು, ನಾಲ್ಕು ಅಳತೆಗಳಲ್ಲಿ ಒಂದೂ ಬದಲಾಗಬಾರದು. ಸಾಧ್ಯವಾದರೆ ಸಂಖ್ಯೆ ಯಾವುದು, ಆಗದಿದ್ದರೆ ಯಾಕೆ ಆಗದು ಅಂತ ಅವಳ ಮಾತಿನಲ್ಲೇ ಬರೆದು ಕಳಿಸಲಿ.